ಮನೆ ಹತ್ತಿರದ ಪಾರ್ಕ್: ಮೂರೂವರೆ ವರ್ಷ ನಡೆದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಜುಲೈಯಲ್ಲಿ ಕೇಳಿದ್ದರೆ ಒಂದು ಕೊಡುತ್ತಿದ್ದೆ.

ಶಿವಮೊಗ್ಗದಲ್ಲಿ ನಮ್ಮ ಬಡಾವಣೆಯ ಪಾರ್ಕ್ ಎಷ್ಟು ಗುಂಟೆ, ಮಕ್ಕಳಿಗೆ ಏನೇನು ಆಟದ ಸಾಮಾನಿದೆ ಅನ್ನುವುದೆಲ್ಲ ಗೇಟಿನ ಬೋರ್ಡಿನಲ್ಲೇ ಇದೆ. ನಾನು ಬರೆಯುತ್ತಿರುವುದು ದಿನಾ ನಡೆಯುವವರಿಗೆ, ಅದರಲ್ಲೂ ಐವತ್ತು ದಾಟಿದ ಹೆಂಗಸರಿಗೆ.

ಶುರು ಮಾಡಿದ್ದು ಖುಷಿಗಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. "ಮಾತ್ರೆ ಈಗಲೇ ಬೇಡ, ಮೊದಲು ನಡೀರಿ" ಅಂದರು ಡಾಕ್ಟರು. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವಂತೆ. ಜಿಮ್ಮಿನ ತಿಂಗಳ ಫೀಸು ನಮ್ಮನೆಯವರ ಪೆನ್ಷನ್ನಿನಲ್ಲಿ ಆಗುವ ಮಾತಲ್ಲ. ಪಾರ್ಕಿಗೆ ದುಡ್ಡು ಕೊಡಬೇಕಾಗಿಲ್ಲ. ಇಷ್ಟು ವರ್ಷಕ್ಕೆ ನನಗಾದ ಖರ್ಚು ಎರಡು ಜೊತೆ ಶೂ, ಒಂದು ಕೊಡೆ.

ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತೇನೆ. ಹೊರಡುವ ಮೊದಲು ಕಷಾಯಕ್ಕೆ ನೀರು ಅಳೆದು, ಪುಡಿ ಹಾಕಿ, ಮುಚ್ಚಿಟ್ಟಿರುತ್ತೇನೆ. ಬಂದ ತಕ್ಷಣ ಒಲೆ ಹಚ್ಚಿದರಾಯಿತು. ಚೂಡಿದಾರದ ಎಡ ಜೇಬಿನಲ್ಲಿ ಎಂಟು ಹುಣಸೆ ಬೀಜ. ಚಿಕ್ಕವಳಿದ್ದಾಗ ಚೌಕಾಬಾರ ಆಡುತ್ತಿದ್ದೆವಲ್ಲ, ಅಂಥವೇ. ಒಂದು ಸುತ್ತು ಮುಗಿದರೆ ಒಂದು ಬೀಜ ಬಲ ಜೇಬಿಗೆ ಹೋಗಬೇಕು. ಎಡ ಜೇಬು ಖಾಲಿಯಾದಾಗ ಮನೆಗೆ. ಮಗ ಕೈಗೆ ಕಟ್ಟುವ ಪಟ್ಟಿಯೊಂದನ್ನು ಕೊಡಿಸಿದ್ದ, ಅದು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಕೇಳುತ್ತಿತ್ತು. ಆ ಸಂಖ್ಯೆ ಹುಟ್ಟಿದ್ದು 1965ರ ಹೊತ್ತಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ, ವೈದ್ಯರ ಲೆಕ್ಕದಿಂದಲ್ಲ ಎಂದು ಮಗಳು ಓದಿ ಹೇಳಿದ ಮೇಲೆ ಪಟ್ಟಿ ಬಿಚ್ಚಿಟ್ಟೆ. ವಾರಕ್ಕೆ 150 ನಿಮಿಷ ಸ್ವಲ್ಪ ಬಿರುಸಾಗಿ ನಡೆದರೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನ ಹುಣಸೆ ಬೀಜ ಅದನ್ನು ಧಾರಾಳವಾಗಿ ದಾಟಿಸುತ್ತವೆ.

ಮೊದಲ ಎರಡು ಸುತ್ತು ಮುಗಿಯುವವರೆಗೂ ಮುಖ ಕಾಣದಷ್ಟು ಕತ್ತಲೆ. ಕೆಮ್ಮು ಕೇಳಿದರೆ ಮೇಷ್ಟ್ರು, ಕಾಲ್ಗೆಜ್ಜೆ ಕೇಳಿದರೆ ಹಿಂದಿನ ಬೀದಿಯ ಹೊಸ ಸೊಸೆ. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಮಡಿವಾಳ ಹಕ್ಕಿ ನೀರಿನ ಟ್ಯಾಂಕಿನ ತುದಿಯಲ್ಲಿ ಕೂತು ಸಿಳ್ಳೆ ಹಾಕುತ್ತದೆ. ಒಂದೇ ರಾಗವನ್ನು ಎರಡು ಸಲ ಹೇಳಿದ್ದನ್ನು ನಾನು ಕೇಳಿಲ್ಲ. ಅದಾದ ಸ್ವಲ್ಪ ಹೊತ್ತಿಗೆ ಕಂಚುಗಾರ ಹಕ್ಕಿ ಟುಕ್ ಟುಕ್ ಎಂದು ಪಾತ್ರೆ ಬಡಿಯಲು ಶುರು.

ಇನ್ನು ತಕರಾರು. ನಾನು ಸೇರಿದಾಗ ನಡೆಯುವ ದಾರಿ ಮಣ್ಣಿನದಾಗಿತ್ತು. ಆಮೇಲೆ ಸುತ್ತಲೂ ನುಣುಪಾದ ಟೈಲ್ಸ್ ಹಾಕಿದರು. ಬೇಸಿಗೆಯಲ್ಲಿ ನೋಡಲು ಚೆನ್ನ. ಆದರೆ ಇದು ಮಲೆನಾಡಿನ ಬಾಗಿಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆರಳಿನ ಜಾಗ ಒಣಗುವುದೇ ಇಲ್ಲ. ಒಣಗದ ಕಡೆ ಪಾಚಿ ಕಟ್ಟದೆ ಇರುತ್ತದೆಯೇ? ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಮಳೆಗಾಲ ಬಂದರೆ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತಿದ್ದರು, ಕೊಟ್ಟಿಗೆಗೆ ಹೋಗುವವರು ಜಾರಬಾರದು ಅಂತ. ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ ಟೈಲ್ಸ್ ಆರಿಸಿದವರಿಗೆ ಹೇಗೆ ಹೊಳೆಯಲಿಲ್ಲವೋ! ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಕಳೆದ ಜುಲೈಯಲ್ಲಿ ತುಂಗೆ ತುಂಬಿ ಬಂದ ವಾರ ಅದು. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಂತೆ, ಸಂಜೆ ನೋಡಿಕೊಂಡು ಬರೋಣ ಎಂದು ಮಾತಾಡುತ್ತಾ ನಡೆಯುತ್ತಿದ್ದೆವು. ಪಶ್ಚಿಮದ ಮೂಲೆಯ ತಿರುವಿನಲ್ಲಿ ಕಾಲು ಹೋಯಿತು. ಎಡಗೈ ಊರಿದೆ, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ನನ್ನ ತಲೆ ಬಾಚಲೂ ಮಗಳು ಬರಬೇಕಾಯಿತು. ಬಿದ್ದಾಗ ಕಸಬರಿಗೆ ಬಿಸಾಕಿ ಓಡಿ ಬಂದು ಎತ್ತಿ ಕೂರಿಸಿದವರು ಪಾರ್ಕ್ ಗುಡಿಸುವ ಅಕ್ಕ.

ಪ್ಲಾಸ್ಟರ್ ಕೈಯಲ್ಲೇ ಪತ್ರ ಬರೆಸಿ, ಜೊತೆಯವರ ಸಹಿ ಹಾಕಿಸಿ, ಸಂಬಂಧಪಟ್ಟವರಿಗೆ ಕೊಟ್ಟು ಬಂದೆವು. ಒಂದು ದಿನ ಬ್ಲೀಚಿಂಗ್ ಪೌಡರ್ ಎರಚಿ ಹೋದರು, ರಾತ್ರಿಯ ಮಳೆಗೆ ಅದು ತೊಳೆದುಹೋಯಿತು. ಪಾಚಿಯನ್ನು ಮೊದಲು ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು, ಪೌಡರ್ ಆಮೇಲೆ. ಅದನ್ನೂ ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲೇ. ಮತ್ತೆ ಕೇಳಲು ಹೋದಾಗ ಒಬ್ಬರು, "ಅಲ್ಲಿ ಎರಡು ಮರ ಇವೆಯಲ್ಲಮ್ಮ, ಅವನ್ನು ತೆಗೆಸಿದರೆ ಬಿಸಿಲು ಬೀಳುತ್ತೆ, ಪಾಚಿನೇ ಕಟ್ಟಲ್ಲ" ಅಂದರು.

ನನಗೆ ಎದೆ ಧಸಕ್ಕೆಂದಿತು. ಅವೆರಡೂ ರೆಂಜೆ ಮರ.

ಬಕುಳ ಅಂದರೂ ಇದೇ. ಮೂರೂವರೆ ವರ್ಷದಲ್ಲಿ ಒಂದು ದಿನವೂ ಪಾರ್ಕ್ ಬೇಜಾರು ಬಾರದಿದ್ದರೆ ಅದಕ್ಕೆ ಕಾರಣ ಆ ಮೂಲೆ. ರಾತ್ರಿ ಅರಳಿದ ಹೂ ಬೆಳಗಿನ ಜಾವ ತಾನಾಗಿ ಉದುರುತ್ತದೆ, ಕಡ್ಲೆಬೇಳೆ ಬಣ್ಣ ಕರಗಿದಂಥ ಪುಟ್ಟ ಪುಟ್ಟ ಚಕ್ರ. ಕತ್ತಲಲ್ಲಿ ಕಾಣುವುದಿಲ್ಲ. ನಾಲ್ಕು ಮಾರು ದೂರದಲ್ಲೇ ಮೂಗಿಗೆ ತಿಳಿಯುತ್ತದೆ, ಅಲ್ಲಿಂದ ಕಾಲು ತಾನೇ ನಿಧಾನವಾಗುತ್ತದೆ. ಹೂವಿನ ನಡುವೆ ತೂತು ಇರುವುದರಿಂದ ಸೂಜಿ ಬೇಕಿಲ್ಲ. ಚಿಕ್ಕಂದಿನಲ್ಲಿ ಹುಲ್ಲುಕಡ್ಡಿಗೆ ಪೋಣಿಸುತ್ತಿದ್ದೆವು, ಈಗ ಒದ್ದೆ ಬಾಳೆನಾರು ಒಯ್ಯುತ್ತೇನೆ. ಹೂ ಬಿಡುವ ತಿಂಗಳುಗಳಲ್ಲಿ ಹುಣಸೆ ಬೀಜಕ್ಕೆ ರಜೆ, ಸುತ್ತಿಗೊಂದು ಹೂ ನಾರಿಗೆ ಸೇರುತ್ತದೆ. ಎಂಟು ಸುತ್ತು ಮುಗಿದ ಮೇಲೆ ಕೂತು ಉಳಿದದ್ದನ್ನು ಆಯುತ್ತೇನೆ. ಮಲ್ಲಿಗೆ ಸಂಜೆಯೊಳಗೆ ಸೋಲುತ್ತದೆ. ರೆಂಜೆ ಹಾಗಲ್ಲ, ಒಣಗಿ ಕಂದಾದರೂ ಪರಿಮಳ ಬಿಡುವುದಿಲ್ಲ. ಹೋದ ವರ್ಷದ ಸರವೊಂದು ಬೀರುವಿನಲ್ಲಿ ನಮ್ಮಮ್ಮನ ಸೀರೆಯ ಮಡಿಕೆಯಲ್ಲಿದೆ. ಬಾಗಿಲು ತೆಗೆದಾಗಲೆಲ್ಲ ಅಮ್ಮ ಈಗಷ್ಟೇ ತಲೆಗೆ ಮುಡಿದು ಆಚೆ ಹೋದ ಹಾಗೆ ಅನಿಸುತ್ತದೆ.

ಹಾಗಾಗಿ ಎರಡನೇ ಪತ್ರ ಬರೆದೆ. ಬಿದ್ದವಳು ನಾನು, ಮರ ಕಡಿಯಬೇಡಿ ಎಂದು ಕೇಳುತ್ತಿರುವವಳೂ ನಾನೇ, ಆ ತಿರುವಿನ ಟೈಲ್ಸ್ ಮಾತ್ರ ಕಿತ್ತು ಮೊದಲಿನ ಮಣ್ಣನ್ನೇ ಬಿಡಿ ಎಂದು. ಉತ್ತರ ಬಂದಿಲ್ಲ. ಮರಗಳು ಇವೆ. ಟೈಲ್ಸೂ ಇದೆ. ಆದರೆ ಜನ ಟೈಲ್ಸ್ ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೆದೂ ನಡೆದೂ ಮರದ ಬುಡದ ಸುತ್ತ ಎರಡಡಿ ಅಗಲದ ಕಾಲುಹಾದಿ ಬಿದ್ದಿದೆ. ಮೊನ್ನೆ ನೋಡಿದರೆ ಮೇಷ್ಟ್ರೂ ಅದರಲ್ಲೇ ಬರುತ್ತಿದ್ದರು. ಮೆತ್ತಗಿನ ಮಣ್ಣು, ಮಂಡಿಗೂ ಹಿತ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮತ್ತೆ ಪಾರ್ಕಿಗೆ ಹೋಗಲು ತಿಂಗಳು ಹೆದರಿದೆ. ಈಗ ಸಕ್ಕರೆ 5.8ಕ್ಕೆ ಇಳಿದಿದೆ. ಕೈ ಇನ್ನೂ ಪೂರ್ತಿ ತಿರುಗುವುದಿಲ್ಲ, ಹಿಟ್ಟು ನಾದುವಾಗ ಗೊತ್ತಾಗುತ್ತದೆ. ಕಡಿಮೆಯಾದ ಆ ಒಂದು ಸ್ಟಾರ್ ಟೈಲ್ಸಿನ ಲೆಕ್ಕಕ್ಕೆ. ಮಳೆಗಾಲದಲ್ಲಿ ಬರುವವರು ಸವೆದ ಶೂ ಹಾಕಬೇಡಿ. ಪಶ್ಚಿಮದ ತಿರುವಿನಲ್ಲಿ ಮಾತು ನಿಲ್ಲಿಸಿ ನೆಲ ನೋಡಿ.

ಈಗ ಮಾರ್ಚ್, ಹೂ ಶುರುವಾಗಿದೆ. ಗುಡಿಸುವ ಅಕ್ಕ ಮೊದಲು ಆ ಮೂಲೆಯಿಂದಲೇ ಕೆಲಸ ಹಿಡಿಯುತ್ತಿದ್ದರು. ಹೋದ ವಾರ ನನ್ನ ಕೈಯ ನಾರು ನೋಡಿ, "ನೀವು ಆಯ್ಕೊಳ್ಳಿ ಅಮ್ಮ, ಈ ಕಡೆ ಕೊನೆಗೆ ಗುಡಿಸ್ತೀನಿ" ಅಂದರು. ಆರೂವರೆಯೊಳಗೆ ಬಂದರೆ ನಿಮಗೂ ಒಂದು ಬೊಗಸೆ ಸಿಗುತ್ತದೆ. ಅವರ ಜಡೆಗೆ ಒಂದು ಮೊಳ ಮೊದಲು ಕಟ್ಟಿಕೊಟ್ಟು ಆಮೇಲೆ ನಿಮ್ಮದು ಪೋಣಿಸಿಕೊಳ್ಳಿ.