ಎಂಎಸ್5611 ಸೆನ್ಸಾರ್: ತಗೊಳ್ಳಿ, ಜೊತೆಗೊಂದು ಕಪ್ಪು ಸ್ಪಂಜೂ ಇಟ್ಟುಕೊಳ್ಳಿ

ನಾನು ಚಿಕ್ಕಬಳ್ಳಾಪುರದ ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಮೇಡಂ. ಹೊಸಕೋಟೆಯಿಂದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಉಪಕರಣ ಕಟ್ಟಿ ಬಲು ಎತ್ತರಕ್ಕೆ ಬಲೂನು ಹಾರಿಸಿದ್ದನ್ನು ಓದಿದ್ದೇ ತಡ, ಕೊನೇ ವರ್ಷದ ನಾಲ್ಕು ಮಕ್ಕಳು ತಾವೂ ಒಂದು ಉಪಕರಣ ಕಟ್ಟಬೇಕೆಂದು ಹಠ ಹಿಡಿದರು. ಥರ್ಮೋಕೋಲ್ ಡಬ್ಬಿ, ಒಂದು ಬೋರ್ಡು, ಮೆಮೊರಿ ಕಾರ್ಡು, ಗಾಳಿಯ ಒತ್ತಡ ಅಳೆಯಲು ಈ ಸೆನ್ಸಾರ್.

ಮೊದಲು ತಂದದ್ದು ಬೇರೆ, ಅಗ್ಗದ್ದು. ಅದು 300 ಹೆಕ್ಟೋಪಾಸ್ಕಲ್‌ಗಿಂತ (ಗಾಳಿಯ ಒತ್ತಡದ ಮಾನ) ಕೆಳಗೆ ಅಳೆಯುವುದಿಲ್ಲ. ಮೇಲೇರಿದಷ್ಟೂ ಒತ್ತಡ ಇಳಿಯುತ್ತದೆ. ಅಂದರೆ ಒಂಬತ್ತು ಕಿಲೋಮೀಟರ್ ಚಿಲ್ಲರೆ ಏರುವಷ್ಟರಲ್ಲಿ ಅದರ ಕೆಲಸ ಮುಗಿಯಿತು. ಬಲೂನು ಏರುವುದು ಮೂವತ್ತು ಕಿಲೋಮೀಟರ್ ಹತ್ತಿರಕ್ಕೆ, ಅಲ್ಲಿ ಉಳಿಯುವ ಒತ್ತಡ ಸುಮಾರು 12. ಎಂಎಸ್5611 ಆದರೆ 10ರವರೆಗೂ ಅಳೆಯುತ್ತದೆ. ಆರುನೂರು ಚಿಲ್ಲರೆ ಆಯಿತು, ಕೊಟ್ಟಿದ್ದಕ್ಕೆ ಬೇಸರವಿಲ್ಲ.

ಮೊದಲ ಪರೀಕ್ಷೆ ನಂದಿಬೆಟ್ಟ. ಊರಲ್ಲಿ 910ರ ಆಸುಪಾಸು ತೋರಿಸುತ್ತಿದ್ದದ್ದು ಬೆಟ್ಟದ ಮೇಲೆ 850ರ ಹತ್ತಿರಕ್ಕೆ ಇಳಿಯಿತು. ಮಕ್ಕಳು ಕುಣಿದಾಡುತ್ತಿರುವಾಗಲೇ ಮೋಡ ಸರಿಯಿತು, ಅಂಕಿ ಎರಡು ಹೆಕ್ಟೋಪಾಸ್ಕಲ್ ಜಿಗಿಯಿತು. ನಿಂತ ಜಾಗದಲ್ಲೇ ಎತ್ತರದ ಲೆಕ್ಕದಲ್ಲಿ ಇಪ್ಪತ್ತು ಮೀಟರ್ ವ್ಯತ್ಯಾಸ! ಎಲ್ಲರೂ ವೈರು ಎಳೆದು ನೋಡಿದ್ದೇ ನೋಡಿದ್ದು. ಒಬ್ಬಳು ಮಾತ್ರ ಸುಮ್ಮನೆ ಅಂಗೈ ಅಡ್ಡ ಹಿಡಿದಳು. "ಮಿಸ್, ಬಿಸಿಲು ತಾಗ್ತಿದೆ ಇದಕ್ಕೆ" ಅಂದಳು. ಅಂಕಿ ವಾಪಸು ಬಂತು. ಸೆನ್ಸಾರಿನ ತಗಡಿನ ಮುಚ್ಚಳದಲ್ಲಿ ಸೂಜಿ ಚುಚ್ಚಿದಂಥ ತೂತಿದೆ. ಅದರೊಳಗೆ ಬೆಳಕು ಹೋದರೆ ಒಳಗಿನ ಸಿಲಿಕಾನ್ ಚಿಪ್ಪು ತಪ್ಪು ಹೇಳುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಹಳೇ ಹೆಡ್‌ಫೋನಿನ ಕಪ್ಪು ಸ್ಪಂಜು ಕತ್ತರಿಸಿ ಮುಚ್ಚಿದೆವು. ಗಾಳಿ ಆಡುತ್ತದೆ, ಬೆಳಕು ಹೋಗುವುದಿಲ್ಲ.

ಆಮೇಲೆ ಲ್ಯಾಬಿನ ಬೆಲ್ ಜಾರ್, ಅಂದರೆ ಪಂಪಿನಿಂದ ಒಳಗಿನ ಗಾಳಿ ಎಳೆದುಬಿಡುವ ಗಾಜಿನ ಜಾಡಿ. ನಮ್ಮ ಹಳೇ ಪಂಪು 40ಕ್ಕಿಂತ ಕೆಳಗೆ ಎಳೆಯಲಿಲ್ಲ. ಒಳಗಿಟ್ಟ ಹುಟ್ಟುಹಬ್ಬದ ಪುಟ್ಟ ಬಲೂನು ಮಾತ್ರ ಜಾರಿನ ಗೋಡೆಗೆ ತಾಗುವಷ್ಟು ಊದಿತು. ಐಸ್‌ಕ್ರೀಮ್ ಅಂಗಡಿಯವರ ಫ್ರೀಜರಿನಲ್ಲಿ ಒಂದು ರಾತ್ರಿ ಮೈನಸ್ 20ರಲ್ಲಿ ಇಟ್ಟಾಗ ಸೆನ್ಸಾರ್ ಸೋಲಲಿಲ್ಲ, ಸಾಮಾನ್ಯ ಸೆಲ್ಲುಗಳು ಸೋತವು. ಲಿಥಿಯಂ ಸೆಲ್ ಹಾಕಿದ ಮೇಲೆ ಬೆಳಗಿನವರೆಗೂ ನಡೆಯಿತು. ನಮ್ಮ ಕಡೆ 16–17 ಕಿ.ಮೀ. ಎತ್ತರದಲ್ಲಿ ಹೊರಗಿನ ಚಳಿ ಮೈನಸ್ 75 ದಾಟುತ್ತದೆ, ಸೆನ್ಸಾರಿನ ಮಿತಿ ಮೈನಸ್ 40. ಹಾಗಾಗಿ ಡಬ್ಬಿಯ ದಪ್ಪದಲ್ಲಿ ಜಿಪುಣತನ ಬೇಡ.

ಜನವರಿಯಲ್ಲಿ, ಅನುಮತಿ ಪಡೆದಿದ್ದ ತಂಡವೊಂದರ ಬಲೂನಿನಲ್ಲಿ ನಮ್ಮ ಡಬ್ಬಿಗೂ ಜಾಗ ಸಿಕ್ಕಿತು. ಪೂರ್ವಕ್ಕೆ ತೇಲಿಹೋಗಿ ಶ್ರೀನಿವಾಸಪುರದ ಕಡೆ ಹೂ ಬಿಟ್ಟ ಮಾವಿನ ತೋಪಿನಲ್ಲಿ ಬಿತ್ತು. ತೋಟದವರೇ ಡಬ್ಬಿ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಕಾರ್ಡಿನಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕಿ 14. ಒಳಗಿನ ತಾಪ ಮೈನಸ್ 18ಕ್ಕಿಂತ ಇಳಿದಿರಲಿಲ್ಲ. ಸ್ಪಂಜು ಅಂಟಿಸಿದ ಜಾಗದಲ್ಲೇ ಇತ್ತು.

ಮುಂದಿನ ಬ್ಯಾಚಿಗೆ ಇನ್ನೆರಡು ತರಿಸಿದ್ದೇವೆ.