ವಾಕಿಟಾಕಿ ಪ್ರೋಗ್ರಾಮಿಂಗ್: ಯಾವ ಕೇಬಲ್, ಯಾವ ಸಾಫ್ಟ್‌ವೇರ್?

ಶಿರಸಿಯ ತೋಟಕ್ಕಾಗಲಿ, ಕಾರವಾರದ ಬಂದರು ಕೆಲಸಕ್ಕಾಗಲಿ ವಾಕಿಟಾಕಿ ಸೆಟ್ ತಂದು, ಕಂಪ್ಯೂಟರಿನಿಂದ ಅದಕ್ಕೆ ಚಾನೆಲ್ ತುಂಬಲು (ಇದೇ ಪ್ರೋಗ್ರಾಮಿಂಗ್) ಹೊರಟವರು ಮೊದಲು ಎಡವುವುದು ಕೇಬಲ್‌ನಲ್ಲೇ. ಅಗ್ಗದ ಕೇಬಲ್‌ಗಳಲ್ಲಿ ಹೆಚ್ಚಾಗಿ, ಯುಎಸ್‌ಬಿ ಮೂಲಕ ಸೆಟ್ಟಿನೊಂದಿಗೆ ಮಾತಾಡಿಸುವ ಪಿಎಲ್2303 ಚಿಪ್‌ನ ನಕಲು ಇರುತ್ತದೆ. ವಿಂಡೋಸ್‌ನ ಹೊಸ ಡ್ರೈವರ್ ಅದನ್ನು ಒಪ್ಪದೆ ಡಿವೈಸ್ ಮ್ಯಾನೇಜರ್‌ನಲ್ಲಿ ‘ಕೋಡ್ 10’ ಎಂಬ ದೋಷ ತೋರಿಸುತ್ತದೆ. ಹಳೇ ಡ್ರೈವರ್ ಹಾಕಿದರೆ ನಡೆಯುತ್ತದೆ. ಅಪ್‌ಡೇಟ್ ಆದರೆ ಮತ್ತೆ ಅದೇ ಪಾಡು. ಎಫ್‌ಟಿಡಿಐ ಕಂಪನಿಯ ಚಿಪ್ ಇರುವ ಕೇಬಲ್‌ಗೆ ದುಡ್ಡು ಜಾಸ್ತಿ, ಈ ತಾಪತ್ರಯ ಇಲ್ಲ. ಹೊಸಬರು ಇದನ್ನೇ ಕೊಳ್ಳಿ. ಎರಡು ಪಿನ್ನಿನ ಪ್ಲಗ್ಗನ್ನು ಒತ್ತಿ ಪೂರ್ತಿ ಕೂರಿಸಿ. ಅರ್ಧ ಕೂತರೆ ಕಂಪ್ಯೂಟರಿಗೆ ಸೆಟ್ ಸಿಗುವುದಿಲ್ಲ.

ಬಾವೊಫೆಂಗ್‌ನಂಥ ಸೆಟ್‌ಗಳಿಗೆ ಚಿರ್ಪ್ ಎಂಬ ಸಾಫ್ಟ್‌ವೇರ್ ಸಾಕು: ಉಚಿತ, ಲಿನಕ್ಸ್‌ನಲ್ಲೂ ಓಡುತ್ತದೆ. ಮೊಟೊರೊಲಾದಂಥ ವೃತ್ತಿಪರ ಡಿಎಂಆರ್ (ಡಿಜಿಟಲ್) ಸೆಟ್‌ಗಳಿಗೆ ಕಂಪನಿಯದೇ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್, ಅಂದರೆ ಸಿಪಿಎಸ್ಸೇ ಬೇಕು. ಅದರ ಆವೃತ್ತಿ ಸೆಟ್ಟಿನ ಫರ್ಮ್‌ವೇರ್‌ಗೆ (ಸೆಟ್ಟಿನೊಳಗಿನ ಸಾಫ್ಟ್‌ವೇರ್) ಹೊಂದಬೇಕು, ಕೊಳ್ಳುವ ಮುಂಚೆಯೇ ಮಾರುವವರನ್ನು ಕೇಳಿ.

ಯಾವುದಾದರೂ ಸರಿ, ಮೊದಲು ‘ರೀಡ್’ ಮಾಡಿ, ಅಂದರೆ ಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿಗೆ ತೆಗೆದುಕೊಳ್ಳಿ, ಆ ಮೂಲ ಫೈಲ್ ಬೇರೆ ಕಡೆ ಉಳಿಸಿ. ಬದಲಾವಣೆ ಅದರ ಪ್ರತಿಯಲ್ಲಿ. ಬೇರೆ ಮಾಡೆಲ್ಲಿನ ಫೈಲನ್ನು ಸೆಟ್ಟಿಗೆ ಬರೆಯಲೇಬೇಡಿ. ಎದುರಿನವರು ಮಾತಾಡುವಾಗ ದೀಪ ಹತ್ತಿಯೂ ದನಿ ಬಾರದಿದ್ದರೆ ಎರಡು ಸೆಟ್‌ಗಳ ಸಿಟಿಸಿಎಸ್ಎಸ್ ಟೋನ್ (ಮಾತಿನ ಜತೆ ಹೋಗುವ ಸಣ್ಣ ಗುರುತಿನ ದನಿ, ಹೊಂದಿದರಷ್ಟೇ ಸ್ಪೀಕರ್ ತೆರೆಯುತ್ತದೆ) ಬೇರೆ ಬೇರೆ ಇರಬಹುದು. ದನಿ ಒಡೆದರೆ ಅಥವಾ ಕ್ಷೀಣಿಸಿದರೆ ಚಾನೆಲ್ಲಿನ ಅಗಲದ 12.5, 25 ಕಿಲೋಹರ್ಟ್ಸ್ ಆಯ್ಕೆ ಎರಡೂ ಸೆಟ್‌ಗಳಲ್ಲಿ ಒಂದೇ ಇದೆಯೇ ನೋಡಿ.

ನಿಮ್ಮ ಲೈಸೆನ್ಸಿನಲ್ಲಿರುವ ಫ್ರೀಕ್ವೆನ್ಸಿಗಳನ್ನು ಮಾತ್ರ ತುಂಬಿ. 156.8 ಮೆಗಾಹರ್ಟ್ಸ್ ಹಡಗು, ದೋಣಿಗಳು ಆಪತ್ತಿನಲ್ಲಿ ಕೂಗುವ ಚಾನೆಲ್. ದಡದ ಹರಟೆಗೆ ಅದನ್ನು ಮುಟ್ಟಬೇಡಿ.