ಪುಣೆಯಲ್ಲಿ "ನಮ್ಮ ಸ್ವಂತ ಕೋಡಿಂಗ್ ಎಂಜಿನ್" ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಪುಣೆಯಲ್ಲಿರುವ ನಮ್ಮ ಕನ್ನಡದವರಿಗೆ, ಅದರಲ್ಲೂ ನೌಕರಿ ಮಾಡುತ್ತಲೇ ಪೈಥಾನ್, ಜಾವಾದಂಥ ಪ್ರೋಗ್ರಾಮಿಂಗ್ ಭಾಷೆ ಕಲಿತು ಐಟಿ ಕಡೆ ಹೋಗಬೇಕು ಅಂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಡೆಕ್ಕನ್ ಕಡೆಯ ಒಂದು ಕ್ಲಾಸ್‌ನವರು ನನ್ನಿಂದ 18,000 ರೂಪಾಯಿ ತೆಗೆದುಕೊಂಡರು. ಇದು ಪಾಠದ ಫೀ ಅಲ್ಲ, ಅದು ಬೇರೆ. ಈ 18,000 ಬರೀ ಅವರ "ಕ್ಲೌಡ್ ಲ್ಯಾಬ್"ಗೆ. ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಜಾಗ, ಒಂದು ವರ್ಷಕ್ಕೆ. ಆ ಲ್ಯಾಬ್‌ನಲ್ಲಿ ಅವರದ್ದು ಅಂತ ಇದ್ದದ್ದು ಮೇಲಿನ ಬಣ್ಣ ಮತ್ತು ಲೋಗೋ. ಒಳಗಿದ್ದದ್ದೆಲ್ಲ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುವ ಓಪನ್ ಸೋರ್ಸ್ ಸಾಮಾನು. ಅದೂ ಎಷ್ಟೋ ವರ್ಷ ಹಳೆಯದು.

ಡೆಮೊ ಹೇಗಿತ್ತು ಅಂತ ಮೊದಲು ಹೇಳುತ್ತೇನೆ, ಯಾಕೆಂದರೆ ನಿಮಗೂ ಅದನ್ನೇ ತೋರಿಸುತ್ತಾರೆ.

ಕೂತಿದ್ದವರಲ್ಲಿ ಹೆಚ್ಚಿನವರು ನನ್ನ ಹಾಗೆ ಭೋಸರಿ, ಚಾಕಣ್ ಕಡೆ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವವರು. ಕೌನ್ಸೆಲರ್ ನನ್ನ ಹೆಸರು ಕೇಳಿದ ತಕ್ಷಣ ಕನ್ನಡಕ್ಕೆ ತಿರುಗಿದ. "ಧಾರವಾಡದವರೇನ್ರಿ ಸರ? ನಾ ಬೆಳಗಾವಿಯಾಂವ್ರಿ. ನಮ್ಮವರಿಗೆ ನಾ ಸುಳ್ಳು ಹೇಳಂಗಿಲ್ರಿ." ಪರ ಊರಲ್ಲಿ ಹೀಗೆ ಮಾತಾಡಿದರೆ ಯಾರಿಗಾದರೂ ನಂಬಿಕೆ ಬರುತ್ತದೆ, ಅಲ್ವಾ? ಅದನ್ನೇ ಅವನು ಬಳಸಿಕೊಂಡ. ಇವತ್ತಿಗೂ ನನಗೆ ಜಾಸ್ತಿ ಸಿಟ್ಟು ಬರುವುದು ಆ ಮಾತಿಗೆ.

ಆಮೇಲೆ ದೊಡ್ಡ ಪರದೆಯಲ್ಲಿ ಎರಡು ಕಿಟಕಿ ತೆರೆದರು. ಎಡಗಡೆ "ನಾರ್ಮಲ್ ಆನ್‌ಲೈನ್ ಕಂಪೈಲರ್". ಬಲಗಡೆ "ನಮ್ಮ ಟರ್ಬೋ ಎಂಜಿನ್". ಎರಡರಲ್ಲೂ ಒಂದೇ ಕೋಡ್. ಒಂದರಿಂದ 10 ಕೋಟಿವರೆಗೆ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಓಡಿಸಿ ಸಂಖ್ಯೆಗಳನ್ನು ಕೂಡಿಸುವುದು, ಅಷ್ಟೇ. ಬಲಗಡೆ ಬಟನ್ ಒತ್ತಿದ ಕೂಡಲೇ ಉತ್ತರ ಬಂತು. ಎಡಗಡೆ ಸುತ್ತುತ್ತಾ ಸುತ್ತುತ್ತಾ ಕೊನೆಗೆ "ಟೈಮ್ ಲಿಮಿಟ್ ಎಕ್ಸೀಡೆಡ್" ಅಂತ ಕೆಂಪಕ್ಷರದಲ್ಲಿ ಬಂತು. ಹಾಲ್‌ನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. "ಹತ್ತು ಪಟ್ಟಿಗಿಂತ ಜಾಸ್ತಿ ಸ್ಪೀಡ್ ರೀ, ನಮ್ಮ ಟೀಮ್ ಕಟ್ಟಿದ್ದು" ಅಂದರು. ನಾನು ಅಲ್ಲೇ ಯುಪಿಐ ಮಾಡಿದೆ.

ಈಗ ಅಲ್ಲಿ ನಿಜವಾಗಿ ನಡೆದದ್ದು ಏನು ಅಂತ ಕೇಳಿ. ನಾವು ಸಾಮಾನ್ಯವಾಗಿ ಪೈಥಾನ್ ಅನ್ನುವುದು ಸಿಪೈಥಾನ್ ಎಂಬ ರನ್‌ಟೈಮ್, ಅಂದರೆ ನಾವು ಬರೆದ ಕೋಡನ್ನು ಓಡಿಸುವ ಪ್ರೋಗ್ರಾಮ್. ಗೀಡೊ ವಾನ್ ರಾಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್‌ನ ನೇರ ವಾರಸುದಾರ ಅದು. ಕೋಡನ್ನು ಬೈಟ್‌ಕೋಡ್ ಎಂಬ ನಡುವಿನ ರೂಪಕ್ಕೆ ತಂದುಕೊಂಡು ಒಂದೊಂದೇ ಸೂಚನೆಯಾಗಿ ಓಡಿಸುತ್ತದೆ. ಪೈಪೈ ಅಂತ ಇನ್ನೊಂದು ರನ್‌ಟೈಮ್ ಇದೆ, ಅದೂ ಓಪನ್ ಸೋರ್ಸ್. ಅದರಲ್ಲಿ ಜಿಟ್ (ಜಸ್ಟ್ ಇನ್ ಟೈಮ್ ಕಂಪೈಲರ್) ಇದೆ. ಮತ್ತೆ ಮತ್ತೆ ಓಡುವ ಲೂಪನ್ನು ಗುರುತಿಸಿ, ಓಡುತ್ತಿರುವಾಗಲೇ ಅದನ್ನು ಮೆಷಿನ್ ಕೋಡ್, ಅಂದರೆ ಪ್ರೊಸೆಸರ್ ನೇರವಾಗಿ ಓಡಿಸುವ ಕೋಡ್ ಮಾಡುತ್ತದೆ. ಹಾಗಾಗಿ ಬರೀ ಸಂಖ್ಯೆ ಕೂಡಿಸುವ ಲೂಪ್ ಕೊಟ್ಟರೆ ಪೈಪೈ ಹಾರುತ್ತದೆ. ಬಲಗಡೆ ಇದ್ದದ್ದು ಪೈಪೈ. ಆ ವೇಗ ಪೈಪೈ ಮಾಡಿದವರದ್ದು, ಈ ಕ್ಲಾಸ್‌ನವರದ್ದಲ್ಲ. ಇನ್ನು ಎಡಗಡೆಯ ಕೆಂಪಕ್ಷರ. ಪುಕ್ಕಟೆ ಆನ್‌ಲೈನ್ ಕಂಪೈಲರ್‌ಗಳು ಒಂದೊಂದು ಪ್ರೋಗ್ರಾಮ್‌ಗೂ ಇಷ್ಟು ಸೆಕೆಂಡ್, ಇಷ್ಟು ಮೆಮೊರಿ ಅಂತ ಮಿತಿ ಹಾಕಿರುತ್ತವೆ, ಒಬ್ಬನ ಕೋಡ್ ಇಡೀ ಸರ್ವರ್ ನುಂಗಬಾರದು ಅಂತ. ಆ ಮಿತಿಗೆ ತಾಗುವಷ್ಟು ದೊಡ್ಡ ಲೂಪನ್ನು ಬೇಕಂತಲೇ ಆರಿಸಿದ್ದರು.

ಡೇಟಾ ಅನಾಲಿಸಿಸ್ ಅಂತ ಸೇರಿದವನು ನಾನು. ದಿನಾ ಬೇಕಾಗುವುದು ನಂಪೈ, ಪಾಂಡಾಸ್ ಎಂಬ ಲೈಬ್ರರಿಗಳು, ಅಂದರೆ ಲೆಕ್ಕಕ್ಕೆ ಮತ್ತು ಡೇಟಾ ಕೋಷ್ಟಕಗಳಿಗೆ ಮೊದಲೇ ಬರೆದಿಟ್ಟ ಕೋಡ್. ಲ್ಯಾಬ್‌ನಲ್ಲಿ ಅವು ಮೊದಲು ಇರಲೇ ಇಲ್ಲ. ಕೇಳಿ ಕೇಳಿ ಹಾಕಿಸಿಕೊಂಡ ಮೇಲೆ ತೆವಳುತ್ತಿದ್ದವು. ಕಾರಣ ಆಮೇಲೆ ಗೊತ್ತಾಯಿತು. ಆ ಲೈಬ್ರರಿಗಳ ಒಳಭಾಗ ಸಿ ಭಾಷೆಯಲ್ಲಿದೆ, ಸಿಪೈಥಾನ್‌ಗೆ ಹೊಂದುವಂತೆ ಬರೆದದ್ದು. ಪೈಪೈ ಅವನ್ನು ಓಡಿಸಲು ನಡುವೆ ಒಂದು ಪದರ ಇಟ್ಟುಕೊಂಡಿದೆ. ಪ್ರತಿ ಸಲ ಅದನ್ನು ದಾಟುವಾಗ ಸಮಯ ಹೋಗುತ್ತದೆ. ಇದು ಗುಟ್ಟೇನಲ್ಲ, ಪೈಪೈಯವರೇ ಬರೆದುಕೊಂಡಿದ್ದಾರೆ. ಅಂದರೆ ಡೆಮೊದಲ್ಲಿ ತೋರಿಸಿದ ವೇಗ ನನ್ನ ಕೆಲಸಕ್ಕೆ ಉಪಯೋಗವೇ ಇರಲಿಲ್ಲ. ಡೇಟಾ ಬ್ಯಾಚ್‌ಗೆ ಅದೇ ಡೆಮೊ ತೋರಿಸಿ ಮಾರಿದರು, ನೋಡಿ.

ಹಿಂಜವಡಿಯ ಒಂದು ಕಂಪನಿಯ ಇಂಟರ್‌ವ್ಯೂನಲ್ಲಿ ನನ್ನ ಮಾನ ಹೋಯಿತು. ಸ್ಕ್ರೀನ್ ಮೇಲೆ ಅವರು ಕೊಟ್ಟ ಕೋಡ್‌ನಲ್ಲಿ "ಮ್ಯಾಚ್ ಕೇಸ್" ಇತ್ತು, ಒಂದು ಬೆಲೆ ಯಾವುದಕ್ಕೆ ಹೊಂದುತ್ತದೆ ಅಂತ ನೋಡಿ ಅದರಂತೆ ಕೆಲಸ ಮಾಡಿಸುವ ಬರವಣಿಗೆ. ಅದನ್ನು ನಾನು ಹಿಂದೊಮ್ಮೆ ಲ್ಯಾಬ್‌ನಲ್ಲಿ ಬರೆದಾಗ ಸಿಂಟ್ಯಾಕ್ಸ್ ಎರರ್ ಬಂದಿತ್ತು. ಕ್ಲಾಸ್‌ನ ಟ್ರೇನರ್ "ಅದು ಪೈಥಾನ್‌ನಲ್ಲಿ ಇಲ್ಲ, ಬೇರೆ ಭಾಷೆಯದ್ದು" ಅಂದಿದ್ದರು. ನಾನು ಅದನ್ನೇ ಇಂಟರ್‌ವ್ಯೂನಲ್ಲಿ ಹೇಳಿದೆ. ಎದುರಿಗಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು 3.10ರಲ್ಲಿ ಬಂದಿದೆ, 2021ರಿಂದ ಇದೆ. ನೀವು ಯಾವ ವರ್ಷನ್ ಬಳಸುತ್ತೀರಿ?" ಅಂದರು. "ಲೇಟೆಸ್ಟ್" ಅಂದೆ. ಹಾಗೆಂದೇ ನನಗೆ ಹೇಳಿ ಮಾರಿದ್ದು. ಅವರು ಮುಂದೆ ಏನೂ ಕೇಳಲಿಲ್ಲ. ಇಂಟರ್‌ವ್ಯೂ ಅಲ್ಲಿಗೇ ಮುಗಿಯಿತು.

ರೂಮಿಗೆ ಬಂದು ಲ್ಯಾಬ್ ತೆರೆದೆ. ಇಂಪೋರ್ಟ್ ಸಿಸ್, ಪ್ರಿಂಟ್ ಸಿಸ್ ಡಾಟ್ ವರ್ಷನ್. ಎರಡೇ ಸಾಲು. ಉತ್ತರ 3.6.9, ಪಕ್ಕದಲ್ಲೇ ಪೈಪೈ 7.3.1 ಅಂತ ಬರೆದಿತ್ತು. ಪೈಥಾನ್ 3.6ಕ್ಕೆ ಬೆಂಬಲ ನಿಂತದ್ದು ಡಿಸೆಂಬರ್ 2021ರಲ್ಲಿ. ಸೆಕ್ಯುರಿಟಿ ತಿದ್ದುಪಡಿಯೂ ಬರುವುದಿಲ್ಲ. ಅದನ್ನು ನನಗೆ "ಲೇಟೆಸ್ಟ್" ಅಂತ ಕೊಟ್ಟಿದ್ದರು. ಕೈ ನಡುಗುತ್ತಿತ್ತು ನನಗೆ.

ಫೋಟೋ ತೆಗೆದು ಕೌನ್ಸೆಲರ್‌ಗೆ ವಾಟ್ಸಾಪ್ ಮಾಡಿದೆ. ಅವನ ಉತ್ತರಗಳನ್ನು ಬಂದ ಹಾಗೇ ಹಾಕುತ್ತೇನೆ.

"ಸರ ಅದು ಸ್ಟೇಬಲ್ ವರ್ಷನ್ ಐತ್ರಿ. ದೊಡ್ಡ ಕಂಪನಿಯವರು ಸ್ಟೇಬಲ್ಲೇ ಬಳಸ್ತಾರ್ರಿ."

ಪಕ್ಕದಲ್ಲಿ ಪೈಪೈ ಅಂತ ಯಾಕಿದೆ ಅಂತ ಕೇಳಿದೆ.

"ಪೈಪೈ ಅಂದ್ರ ನಮ್ಮ ಎಂಜಿನ್ನಿನ ಇಂಟರ್ನಲ್ ಹೆಸರು ರೀ ಸರ."

ಇದನ್ನು ಓದಿ ನಾನು ಫೋನ್ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಇಂಟರ್ನಲ್ ಹೆಸರಂತೆ! ಬೇರೆ ಯಾರೋ ವರ್ಷಗಟ್ಟಲೆ ಕಷ್ಟಪಟ್ಟು ಮಾಡಿ ಜಗತ್ತಿಗೆ ಬಿಟ್ಟುಕೊಟ್ಟ ಕೆಲಸ, ಅದಕ್ಕೆ ಅವರೇ ಇಟ್ಟ ಹೆಸರು, ಅದನ್ನೂ ತಮ್ಮದು ಅಂತ ನನ್ನ ಮುಖಕ್ಕೇ ಹೇಳುತ್ತಾನೆ. ಪೈಪೈಯ ವೆಬ್‌ಸೈಟ್ ಲಿಂಕ್ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಮರುದಿನ ಬಂತು.

"ಓಪನ್ ಸೋರ್ಸ್ ಮ್ಯಾಲ ನಮ್ಮ ಟೀಮ್ ಆಪ್ಟಿಮೈಸ್ ಮಾಡೇತ್ರಿ ಸರ."

ಅಷ್ಟರಲ್ಲಿ ನಾನು ಪೈಪೈಯನ್ನು ನನ್ನ ಹಳೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಅದೇ 10 ಕೋಟಿ ಲೂಪ್ ಓಡಿಸಿ ನೋಡಿದ್ದೆ. ಅಲ್ಲೂ ಹಾಗೇ, ಒತ್ತಿದ ಕೂಡಲೇ ಉತ್ತರ. ಏನು ಆಪ್ಟಿಮೈಸ್ ಮಾಡಿದ್ದೀರಿ ತೋರಿಸಿ ಅಂದೆ. ಅದಕ್ಕೆ "ಅದು ಕಾನ್ಫಿಡೆನ್ಶಿಯಲ್ ರೀ". ದುಡ್ಡು ವಾಪಸ್ ಕೊಡಿ ಅಂದೆ. "ನಿಮ್ಮ ಹೆಸರಿಗೆ ಸರ್ವರ್ ಅಲಾಟ್ ಆಗಿ ಹೋಗೇತ್ರಿ, ರೀಫಂಡ್ ಬರಂಗಿಲ್ರಿ." ಮೇಲಿನವರ ಹತ್ತಿರ ಹೋದರೆ ಅವರು ಹಿಂದಿಯಲ್ಲಿ, ಇಷ್ಟು ಸ್ಟೂಡೆಂಟ್‌ಗಳಲ್ಲಿ ಪ್ರಾಬ್ಲಮ್ ಇರುವುದು ನಿಮಗೊಬ್ಬರಿಗೇ ಅಂದರು. ಸುಳ್ಳು. ಅದೇ ಕ್ಲಾಸ್‌ನ ಜಾವಾ ಬ್ಯಾಚ್‌ನಲ್ಲಿ ವಿಜಯಪುರದ ಒಬ್ಬ ಹುಡುಗ ಇದ್ದಾನೆ. ಅವನ "ಟರ್ಬೋ ಜಾವಾ" ತೆಗೆದು ನೋಡಿದರೆ ಓಪನ್‌ಜೆಡಿಕೆ 13, ಅಂದರೆ ಓಪನ್ ಸೋರ್ಸ್ ಜಾವಾದ 13ನೇ ವರ್ಷನ್! ಅದು 2019ರ ಸೆಪ್ಟೆಂಬರ್‌ನಲ್ಲಿ ಬಂದದ್ದು, ಮುಂದಿನ ಮಾರ್ಚ್‌ನಲ್ಲಿ 14 ಬಂದ ಮೇಲೆ ಅದರ ಕಥೆ ಮುಗಿಯಿತು. ಬಹುಕಾಲದ ಬೆಂಬಲ ಇರುವುದು 11, 17, 21 ಅಂಥ ವರ್ಷನ್‌ಗಳಿಗೆ. ರೆಕಾರ್ಡ್ (ಡೇಟಾ ಹಿಡಿದಿಡುವ ಚಿಕ್ಕ ಕ್ಲಾಸ್ ಬರೆಯುವ ಸುಲಭ ವಿಧಾನ) ಪೂರ್ತಿಯಾಗಿ ಜಾವಾಕ್ಕೆ ಸೇರಿದ್ದೇ 16ರಲ್ಲಿ, ಹಾಗಾಗಿ ಅವನಿಗೂ ಪುಸ್ತಕದ ಕೋಡ್ ಓಡುತ್ತಿಲ್ಲ.

ಒಂದು ಮಾತು. ಓಪನ್ ಸೋರ್ಸ್ ಬಳಸಿ ದುಡ್ಡು ದುಡಿಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಪೈಪೈಯ ಎಂಐಟಿ ಲೈಸೆನ್ಸ್ ಅದಕ್ಕೆ ಅವಕಾಶ ಕೊಡುತ್ತದೆ. ಕೋಡ್ ಓಡಿಸುವ ಸರ್ವರ್ ಕಟ್ಟಲು ಜಡ್ಜ್‌ಝೀರೋ, ಪಿಸ್ಟನ್ ಅಂಥವು ತೆರೆದೇ ಇವೆ. ಸರ್ವರ್ ಖರ್ಚು ಇರುತ್ತದೆ, ತೆಗೆದುಕೊಳ್ಳಲಿ. ಆದರೆ ಇದು ಪೈಪೈ, ಇದು 3.6 ಅಂತ ಹೇಳಿ ಮಾರಬೇಕು. ಹೇಳಿದ್ದರೆ ಯಾರೂ 18,000 ಕೊಡುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ.

ಸಿಪೈಥಾನ್ ಕೂಡ ಸುಮ್ಮನೆ ಕೂತಿಲ್ಲ. 2022ರ ಅಕ್ಟೋಬರ್‌ನಲ್ಲಿ ಬಂದ 3.11, ಅದರ ಹಿಂದಿನದಕ್ಕಿಂತ ಸರಾಸರಿ ಶೇ. 25ರಷ್ಟು ವೇಗವಾಗಿದೆ. ಕಲಿಯುವವರಿಗೆ ಸಿಪೈಥಾನೇ ಸಾಕು. ಪೈಥಾನ್‌ನ ಸೈಟ್‌ನಿಂದ ನೇರ ಇಳಿಸಿಕೊಳ್ಳಿ, ದುಡ್ಡಿಲ್ಲ. ಲ್ಯಾಪ್‌ಟಾಪ್ ದುರ್ಬಲವಾಗಿದ್ದರೆ ಬ್ರೌಸರ್‌ನಲ್ಲೇ ಪೈಥಾನ್ ಓಡಿಸುವ ಗೂಗಲ್ ಕೊಲ್ಯಾಬ್ ಇದೆ, ನಂಪೈ, ಪಾಂಡಾಸ್ ಅದರಲ್ಲೇ ಇರುತ್ತವೆ. ಸಿ ಪ್ಲಸ್ ಪ್ಲಸ್ ಕಲಿಯುವವರಿಗೆ ಮ್ಯಾಟ್ ಗಾಡ್‌ಬೋಲ್ಟ್ ಮಾಡಿದ ಕಂಪೈಲರ್ ಎಕ್ಸ್‌ಪ್ಲೋರರ್‌ನಲ್ಲಿ ಜಿಸಿಸಿ, ಕ್ಲ್ಯಾಂಗ್ ಎಂಬ ಕಂಪೈಲರ್‌ಗಳ ಬೇರೆ ಬೇರೆ ವರ್ಷನ್ ಅಕ್ಕಪಕ್ಕ ಇಟ್ಟು ನೋಡಬಹುದು. ಯಾವುದಕ್ಕೂ ಇವರ ಲ್ಯಾಬ್ ಬೇಡ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಚಾಟ್ ಮತ್ತು ರಸೀದಿ ಎಲ್ಲ ಸೇರಿಸಿ. ಮೋಸ ಹೋದವರು ಬೇರೆ ಯಾರಾದರೂ ಇದ್ದರೆ ನೀವೂ ಕೊಡಿ, ಸುಮ್ಮನಿರಬೇಡಿ.

ವಾರಾಂತ್ಯದ ಹೊಸ ಬ್ಯಾಚ್‌ಗೆ ಮತ್ತೆ ಡೆಮೊ ಇಟ್ಟಿದ್ದಾರೆ. ಹೋಗುವವರು ಇದ್ದರೆ ಅಲ್ಲೇ ಎದ್ದು ನಿಂತು ಬಲಗಡೆಯ ಕಿಟಕಿಯಲ್ಲಿ ವರ್ಷನ್ ಪ್ರಿಂಟ್ ಮಾಡಿ ತೋರಿಸಿ ಅನ್ನಿ. ಆಮೇಲೆ ಎರಡೂ ಕಡೆ ಒಂದು ದೊಡ್ಡ ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬರೆದ ಕೋಷ್ಟಕ) ಅನ್ನು ಪಾಂಡಾಸ್‌ನಲ್ಲಿ ತೆರೆಯಲು ಹೇಳಿ. ಕನ್ನಡದಲ್ಲೇ ಕೇಳಿ, ಅವನಿಗೆ ಚೆನ್ನಾಗಿ ಅರ್ಥವಾಗುತ್ತದೆ.